ನಾಲ್ಕೂರು ಸಂಘದ ಚರಿತ್ರೆ, ಶಾಂತಲಾಗೆ

ಬಿಳಿಚೋಡು
೧೮ ನವೆಂಬರ್ ೨೦೨೫

ಪ್ರೀತಿಯ ಶಾಂತಲಾ,

ಚನ್ನಗಿರಿಯಲ್ಲಿ ನೀನೂ ಮನೆಯವರೂ ಕ್ಷೇಮವಾಗಿದ್ದೀರಿ ಎಂದುಕೊಂಡಿದ್ದೇನೆ. ಅತ್ತೆಯ ಮಂಡಿನೋವೊಂದನ್ನು ಬಿಟ್ಟರೆ ನಾವೂ ಚೆನ್ನಾಗಿದ್ದೇವೆ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ನಾನೇ ಟೈಪು ಮಾಡಿ, ಶಾಲೆಯಲ್ಲಿ ಪ್ರಿಂಟು ತೆಗೆಸಿ ಅಂಚೆಗೆ ಹಾಕುತ್ತಿದ್ದೇನೆ. ಫೋನನ್ನಾದರೆ ರಿಂಗಾಗಲು ಬಿಟ್ಟು ಸುಮ್ಮನಿರಬಹುದು. ಪೋಸ್ಟ್‌ಮ್ಯಾನ್ ಕೈಗಿತ್ತ ಲಕೋಟೆಯನ್ನು ಒಡೆಯದೆ ಇರುವಷ್ಟು ಕಲ್ಲುಮನಸ್ಸು ನಿನಗಿಲ್ಲ.

ನ್ಯಾಮತಿಯ ಮರುಳಪ್ಪನವರು ನಿನ್ನೆ ಎಲ್ಲ ಹೇಳಿದರು. ಸಂಘದ ಐದನೇ ವರ್ಷದ ಸ್ಮರಣ ಸಂಚಿಕೆಗೆ ಚರಿತ್ರೆ ಬರೆಯುವ ಕೆಲಸ ನಿನಗೆ ಬಂದಿತ್ತಂತೆ. ನೀನು ಬರೆಯುತ್ತಾ ನನ್ನ ವಿಷಯ ಬರುವ ಜಾಗಕ್ಕೆ ಬಂದು ನಿಲ್ಲಿಸಿಬಿಟ್ಟೆಯಂತೆ. ಜಗಳೂರಿನವರನ್ನು ಎರಡು ವರ್ಷ ಹೊರಗಿಟ್ಟವಳು ಚರಿತ್ರೆ ಬರೆಯುವುದೂ ಬೇಡ, ಕಾರ್ಯದರ್ಶಿಯಾಗಿರುವುದೂ ಬೇಡ ಎಂದು ಅಧ್ಯಕ್ಷರಿಗೆ ರಾಜೀನಾಮೆ ಕೊಟ್ಟೆಯಂತೆ. ನೀನಿಲ್ಲದಿದ್ದರೆ ನ್ಯಾಮತಿಯವರೂ ಇರುವುದಿಲ್ಲ ಎಂದು ಮರುಳಪ್ಪನವರು ಗುಡುಗುತ್ತಿದ್ದಾರೆ. ಅವರು ಹೋದರೆ ಹೊನ್ನಾಳಿಯವರು ಸುಮ್ಮನಿರುತ್ತಾರೆಯೇ? ಕೊನೆಗೆ ಉಳಿಯುವವರು ಜಗಳೂರಿನ ನಾವು, ಕಣ್ಣು ಕಾಣದ ಒಂದು ಹಿಡಿ ಜನ. ಹಾಗಾಗಿ ಚರಿತ್ರೆಯನ್ನು ನಾನೇ ಬರೆಯುತ್ತೇನೆ. ಹೈಸ್ಕೂಲಿನಲ್ಲಿ ವರ್ಷಾನುಗಟ್ಟಲೆ ಸಮಾಜ ಪಾಠ ಮಾಡಿದವಳಿಗೆ ಅಷ್ಟು ಅಧಿಕಾರ ಇದೆ ಎಂದುಕೋ.

ಮೊದಲು ನಾವು ನಾಲ್ಕು ಗುಂಪುಗಳಾಗಿದ್ದೆವು. ಚನ್ನಗಿರಿಯಲ್ಲಿ ನೀವು, ಬಸ್ ಸ್ಟ್ಯಾಂಡಿನ ಸುತ್ತ ಲಗ್ನಪತ್ರಿಕೆ, ಅರ್ಜಿ, ಕರಾರುಪತ್ರ ಟೈಪು ಮಾಡುವ ಡಿಟಿಪಿ ಅಂಗಡಿಯವರು. ಹೊನ್ನಾಳಿಯಲ್ಲಿ ಬಸವರಾಜಪ್ಪ ಮೇಷ್ಟ್ರು ಕಟ್ಟಿದ ಶಿಕ್ಷಕರ ಬಳಗ. ನ್ಯಾಮತಿಯಲ್ಲಿ ಮರುಳಪ್ಪನವರಂಥ ಅಡಿಕೆ ವ್ಯಾಪಾರಿಗಳು, ಕೆಂಪು ಬಟ್ಟೆಯ ಖಾತೆಪುಸ್ತಕ ಕಟ್ಟಿಟ್ಟು ಕಂಪ್ಯೂಟರಿಗೆ ಬಂದವರು. ಜಗಳೂರಿನಲ್ಲಿ ನಾವು. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ತಂತ್ರಾಂಶ ಹಾಕಿಕೊಂಡು ಕಿವಿಯಿಂದಲೇ ಕಲಿತವರು. ನಮ್ಮ ಭಾನುವಾರದ ತರಗತಿಗೆ ಇದ್ದದ್ದು ಒಂದೇ ಕಂಪ್ಯೂಟರು. ಒಬ್ಬರು ಕೀಲಿ ಒತ್ತಿದರೆ ಉಳಿದವರು ಸುತ್ತ ಕೂತು ಕೇಳಿಸಿಕೊಳ್ಳಬೇಕಿತ್ತು.

ನಮ್ಮನ್ನು ಒಂದು ಮಾಡಿದ್ದು ಆದರ್ಶವೇನಲ್ಲ, ಹಳೇ ಸಾಮಾನು. ದಾವಣಗೆರೆಯ ಒಂದು ಕಚೇರಿಯವರು ತಮ್ಮ ಹಳೆ ಕಂಪ್ಯೂಟರುಗಳನ್ನು ಕೊಡುತ್ತೇವೆ, ಆದರೆ ಹಲವು ತಾಲ್ಲೂಕು ಸೇರಿದ ನೋಂದಾಯಿತ ಸಂಘಕ್ಕೆ ಮಾತ್ರ ಎಂದರು. ಸುದ್ದಿ ಕೇಳಿ ಎಲ್ಲರಿಗೂ ಏಕಾಏಕಿ ಒಗ್ಗಟ್ಟು ನೆನಪಾಯಿತು. ೨೦೨೧ರಲ್ಲಿ ನಿಮ್ಮ ಚನ್ನಗಿರಿಯಲ್ಲಿ ಸಭೆ ಸೇರಿದೆವು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ನಾನು ಬಂದು ಮುಟ್ಟುವಷ್ಟರಲ್ಲಿ ಜಗಳ ಆಗಲೇ ಕಾವೇರಿತ್ತು. ಸಂಘದ ಹೆಸರಿನಲ್ಲಿ ಯಾವ ಊರು ಮೊದಲು ಬರಬೇಕು ಎನ್ನುವುದೇ ಅದರ ಕಾರಣ. ನ್ಯಾಮತಿಗೆ ಕೆಲವೇ ವರ್ಷದ ಹಿಂದೆ ಸ್ವಂತ ತಾಲ್ಲೂಕಿನ ಭಾಗ್ಯ ಬಂದಿತ್ತಲ್ಲ. ಮರುಳಪ್ಪನವರು ಎದ್ದು ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

“ಹೊನ್ನಾಳಿ ಬಿಟ್ಟು ಈಗಿನ್ನೂ ಬ್ಯಾರೆ ಆಗೀವಿ. ಮತ್ತೆ ಅವರ ಹಿಂದೆ ನಿಲ್ಲಾಕೆ ನಮಗೇನು ಗ್ರಹಚಾರ ಐತೇನ್ರೀ?”

ಬಸವರಾಜಪ್ಪ ಮೇಷ್ಟ್ರಿಗೆ ಸಿಟ್ಟು ಬಂತು. ಕುರ್ಚಿಗಳು ಸರಿದ ಸದ್ದಾಯಿತು. ನಾನು ಮನಸ್ಸಿನಲ್ಲೇ ವಾಪಸ್ಸು ಬಸ್ಸು ಎಷ್ಟು ಹೊತ್ತಿಗೆ ಎಂದು ಯೋಚಿಸುತ್ತಿದ್ದೆ. ಆಗ ಮಂಡಕ್ಕಿ ಮೆಣಸಿನಕಾಯಿ ಹಂಚುತ್ತಿದ್ದ ನೀನು, ಯಾವ ಊರಿನ ಹೆಸರೂ ಬೇಡ, ನಾಲ್ಕೂರು ಕಂಪ್ಯೂಟರ್ ಬಳಕೆದಾರರ ಸಂಘ ಎಂದಿಟ್ಟರೆ ಸಾಕು ಎಂದೆ. ಅಷ್ಟು ಹೇಳಿ ಮುಂದಿನವರ ತಟ್ಟೆಗೆ ಮಂಡಕ್ಕಿ ಹಾಕಲು ಹೋದೆ. ಎಲ್ಲರ ಬಾಯಲ್ಲೂ ಮೆಣಸಿನಕಾಯಿ ಬಜ್ಜಿ ಇದ್ದದ್ದರಿಂದ ಯಾರೂ ಬೇಡ ಎನ್ನಲಿಲ್ಲ. ಮೇಷ್ಟ್ರು ಅಧ್ಯಕ್ಷರಾದರು, ನೀನು ಕಾರ್ಯದರ್ಶಿಯಾದೆ. ನಮ್ಮ ಪಾಲಿನ ಕಂಪ್ಯೂಟರುಗಳು ಜಗಳೂರಿಗೆ ಬಂದ ದಿನ ನಮ್ಮವರು ಒಂದೊಂದನ್ನೂ ಕೈಯಿಂದ ಸವರಿ ನೋಡಿದರು. ಆ ಸಂತೋಷಕ್ಕೆ ನಾವು ಇಂದಿಗೂ ಋಣಿ.

ಈಗ ನೀನು ನಿಲ್ಲಿಸಿದ ಜಾಗಕ್ಕೆ ಬರುತ್ತೇನೆ. ನೀನು ಬರೆಯಲಾರದ್ದನ್ನು ನಾನು ಬರೆದರೆ ಯಾರಿಗೂ ನೋವಾಗುವುದಿಲ್ಲ.

ಸಂಘದವರೆಲ್ಲ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡೆವು. ಬೆಳಗಾದರೆ ಶುಭೋದಯ, ಹಬ್ಬ ಬಂದರೆ ದೇವರು, ಹೂವು, ದೀಪ. ನನ್ನ ಫೋನು ಅಕ್ಷರವಿದ್ದರೆ ಓದುತ್ತದೆ, ಚಿತ್ರವಾದರೆ ‘ಫೋಟೋ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಎಲ್ಲ ಶುಭೋದಯದ ಪೈಕಿಯೇ ಎಂದುಕೊಂಡು ನಾನೂ ದಾಟಿಬಿಡುತ್ತಿದ್ದೆ. ನಮ್ಮವರೂ ಅದನ್ನೇ ಮಾಡಿದರು. ಒಂದೂ ಸಭೆಯ ಸುದ್ದಿ ಬರಲಿಲ್ಲ. ತಾಲ್ಲೂಕಿನ ಲೆಕ್ಕ ತುಂಬಲು ನಮ್ಮನ್ನು ಕರೆದರು, ಕೆಲಸ ಮುಗಿಯಿತು, ಮರೆತರು ಎಂದು ನಾವು ಮಾತಾಡಿಕೊಂಡೆವು. ಅತ್ತ ಹೊನ್ನಾಳಿಯಲ್ಲಿ, ಕಂಪ್ಯೂಟರು ಕೈಗೆ ಬಂದ ಮೇಲೆ ಜಗಳೂರಿನವರು ಈ ಕಡೆ ತಲೆ ಹಾಕಲಿಲ್ಲ ಎನ್ನುತ್ತಿದ್ದರಂತೆ. ಫೋನ್ ಮಾಡಿ ಕೇಳಬಹುದಿತ್ತು. ಎರಡೂ ಕಡೆಯವರಿಗೆ ಬಿಗುಮಾನ.

ಎರಡು ವರ್ಷ ಕಳೆದ ಮೇಲೆ ಒಂದು ಭಾನುವಾರ ನೀನು ಹೇಳದೆ ಕೇಳದೆ ಬಿಳಿಚೋಡಿಗೆ ಬಂದೆ. ಬಂದದ್ದು ಜಗಳಕ್ಕೆ, ಒಳ್ಳೆಯತನಕ್ಕಲ್ಲ, ಅದನ್ನು ಮರೆಯಬೇಡ. ಹೊಸ್ತಿಲಲ್ಲೇ ನಿಂತು ಶುರುಮಾಡಿದೆ.

“ಯಾಕ್ರೀ ಮೇಡಂ, ನಾವು ಕರೆಯೋದೇನು, ನೀವು ಬರದೇ ಇರೋದೇನು? ಎಷ್ಟು ಚೆಂದ ನೋಟೀಸ್ ಮಾಡಿ ಹಾಕ್ತೀನಿ, ಒಂದು ಉತ್ತರ ಕೊಡಾಕೆ ಆಗಲ್ವಾ?”

ಯಾವ ನೋಟೀಸು ಎಂದು ನಾನು ಕೇಳಿದೆ. ತಿಂಗಳ ನೋಟೀಸು ಎಂದೆ ನೀನು. ನಾನು ಫೋನನ್ನು ನಿನ್ನ ಕೈಗೆ ಕೊಟ್ಟು, ಗುಂಪು ತೆರೆದು ನೀನೇ ಕೇಳು ಎಂದೆ. ಅದು ‘ಫೋಟೋ’ ಎಂದಿತು. ಮತ್ತೆ ‘ಫೋಟೋ’ ಎಂದಿತು. ಮೂರನೆಯದಕ್ಕೆ ನಿನ್ನ ಉಸಿರು ನಿಂತದ್ದು ನನಗೆ ಕೇಳಿಸಿತು. ಆಮೇಲೆ ನೀನು ಅತ್ತ ರೀತಿಗೆ ನಮ್ಮ ಅತ್ತೆ ಹನುಮಂತಮ್ಮ ಮಜ್ಜಿಗೆಯ ಲೋಟ ಹಿಡಿದು ಓಡಿಬಂದು, ಯಾರು ಹೋದರು ಎಂದು ಕೇಳಿದರು.

ಅಂಗಡಿಯಲ್ಲಿ ಲಗ್ನಪತ್ರಿಕೆ ಮಾಡುವ ಕೈ ನಿನ್ನದು. ಸಂಘದ ನೋಟೀಸನ್ನೂ ಅಂಚಿಗೆ ಬಳ್ಳಿ ಹಾಕಿ, ಹೂ ಬಿಡಿಸಿ, ಚಿತ್ರ ಮಾಡಿ ಕಳಿಸುತ್ತಿದ್ದೆ. ಬರೀ ಅಕ್ಷರ ಕಳಿಸಿದರೆ ಮರ್ಯಾದೆ ಕಮ್ಮಿ ಎಂದುಕೊಂಡಿದ್ದೆ. ಕಂಪ್ಯೂಟರ್ ಬಳಕೆದಾರರ ಸಂಘದಲ್ಲಿ ಅಷ್ಟು ಜನ ಮೇಷ್ಟ್ರುಗಳಿದ್ದರು, ವ್ಯಾಪಾರಿಗಳಿದ್ದರು. ಒಬ್ಬರಿಗಾದರೂ ಹೊಳೆಯಿತೇ? ತಪ್ಪು ಎಲ್ಲರದೂ ಆಗಿರುವಾಗ ನೀನೊಬ್ಬಳೇ ಅದನ್ನು ಮೂಟೆ ಕಟ್ಟಿಕೊಂಡು ಹೊರಟರೆ ಹೇಗೆ?

ನನ್ನ ಚರಿತ್ರೆಗೆ ಬೇಕಾದದ್ದು ಆಮೇಲಿನದು. ನೀನು ಕಣ್ಣೊರೆಸಿಕೊಂಡು ನೆಲದ ಮೇಲೆ ಕೂತು, ಆಗಿಹೋದ ಸಭೆಗಳ ನೋಟೀಸುಗಳನ್ನು ಮೊದಲಿನಿಂದ ನನಗೆ ಓದಿ ಹೇಳಿದೆ. ದಿನಾಂಕ, ಸ್ಥಳ, ವಿಷಯ, ಎಲ್ಲರೂ ತಪ್ಪದೆ ಬರಬೇಕಾಗಿ ವಿನಂತಿ. ಅಂಚಿನಲ್ಲಿ ಯಾವ ಹೂವಿದೆ ಎನ್ನುವುದನ್ನೂ ಹೇಳಿದೆ. ಒಂದರಲ್ಲಿ ಸೇವಂತಿಗೆ, ಒಂದರಲ್ಲಿ ದಾಸವಾಳ. ಮುಗಿದ ಸಭೆಗಳಿಗೆ ಕರೆಸಿಕೊಳ್ಳುವುದರಲ್ಲಿ ಏನು ಸುಖವಿರುತ್ತದೆ ಎಂದು ಯಾರಾದರೂ ಕೇಳಿಯಾರು. ನನಗೆ ಇತ್ತು, ಶಾಂತಲಾ. ಪ್ರತಿ ಸಲವೂ ನಮ್ಮನ್ನು ಕರೆದಿದ್ದಾರೆ ಎಂದು ಗೊತ್ತಾಯಿತು. ಅವತ್ತಿನಿಂದಲೇ ನೀನು ಮೇಡಂ ಬಿಟ್ಟು ಗಾದ್ರಕ್ಕ ಎನ್ನತೊಡಗಿದ್ದು.

ಮುಂದಿನ ಸಭೆಯಲ್ಲಿ ನೀನೇ ಹಠ ಹಿಡಿದು ನಿಯಮ ಬರೆಸಿದೆ: ಸಂಘದ ಯಾವ ಬರಹವೇ ಆಗಲಿ, ಎಲ್ಲ ಸದಸ್ಯರಿಗೂ ಓದಲು ಬರುವಂತಿರಬೇಕು, ಇಲ್ಲದಿದ್ದರೆ ಅದು ತಲುಪಿಲ್ಲವೆಂದೇ ತಿಳಿಯಬೇಕು. ಆಮೇಲೆ ನಿನ್ನ ಅಂಗಡಿಯಲ್ಲಿ ಲಗ್ನಪತ್ರಿಕೆ ಮಾಡಿಸಿದವರಿಗೆಲ್ಲ ಬರೀ ಅಕ್ಷರದ ಪ್ರತಿಯನ್ನೂ ಕೊಡಲು ಶುರುಮಾಡಿದೆ. ಕಳೆದ ವೈಶಾಖದಲ್ಲಿ ನನ್ನ ತಂಗಿಯ ಮಗಳು ರಕ್ಷಾಳ ಮದುವೆಯ ಪತ್ರಿಕೆ ಹಾಗೆ ಬಂತು. ಹುಟ್ಟಿದಾಗಿನಿಂದ ಎಷ್ಟು ಮದುವೆ ಊಟ ಉಂಡಿದ್ದೇನೋ, ಪತ್ರಿಕೆ ಬಂದಾಗ ಮನೆಯವರು ದಿನ, ಛತ್ರ ಎರಡನ್ನು ಹೇಳಿ ಎತ್ತಿಡುತ್ತಿದ್ದರು. ಒಂದು ಪತ್ರಿಕೆಯನ್ನು ನಾನೇ ಪೂರ್ತಿ ಓದಿದ್ದು ಅದೇ ಮೊದಲು. ಕೊನೆಯಲ್ಲಿ, ಸುಖಾಗಮನ ಬಯಸುವವರು ಎನ್ನುವ ಕಡೆ, ಮಾವ, ಚಿಕ್ಕಪ್ಪ, ಸೋದರತ್ತೆಯರ ಹೆಸರೆಲ್ಲ ಆದ ಮೇಲೆ ಫೋನು ‘ದೊಡ್ಡಮ್ಮ ಗಾದ್ರಮ್ಮ, ಶಿಕ್ಷಕಿ, ಬಿಳಿಚೋಡು’ ಎಂದಿತು. ನನ್ನ ಹೆಸರು ಹಾಕುತ್ತಾರೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ತಂಗಿಗೆ ಫೋನ್ ಮಾಡಿ ಹೇಳಿದರೆ, ಪ್ರತಿ ಮದುವೆಗೂ ಹಾಕುತ್ತೇವಲ್ಲಕ್ಕ ಎಂದಳು. ಅವತ್ತು ಅತ್ತದ್ದು ನಾನು. ಇದನ್ನು ನಿನಗೆ ಹೇಳಿರಲಿಲ್ಲ.

ಸಂಘ ನನಗೆ ಕೊಟ್ಟದ್ದು ಇದು, ಕೊಟ್ಟವಳು ನೀನು. ಸ್ಮರಣ ಸಂಚಿಕೆಯಲ್ಲಿ ಇದನ್ನು ಒಂದಕ್ಷರ ಬಿಡದೆ ಹಾಕು. ನಾಚಿಕೆಯಾದರೆ ಆಗಲಿ, ಹಾಕು. ನಿನ್ನ ಹೂವುಗಳನ್ನೂ ಬಿಡಬೇಡ, ಅವುಗಳ ಕೆಳಗೆ ಯಾವ ಹೂವೆಂದು ಬರೆದರಾಯಿತು.

ಅತ್ತೆ ನಿನ್ನನ್ನು ಕೇಳಿದ್ದಾರೆ. ಮಕ್ಕಳಿಗೆ ಆಶೀರ್ವಾದ ತಿಳಿಸು.

ನಿನ್ನನ್ನು ಬಿಟ್ಟುಕೊಡದ,
ಗಾದ್ರಕ್ಕ

ತಾ.ಕ.: ನಿನ್ನ ರಾಜೀನಾಮೆಯನ್ನು ಬಸವರಾಜಪ್ಪ ಮೇಷ್ಟ್ರು ಗುಂಪಿಗೆ ಹಾಕಿದ್ದಾರೆಂದು ಮರುಳಪ್ಪನವರು ಹೇಳಿದ ಮೇಲೆ ಹುಡುಕಿದೆ. ನೀನು ಕೈಯಲ್ಲಿ ಬರೆದುಕೊಟ್ಟದ್ದನ್ನು ಅವರು ಹಾಗೇ ಫೋಟೋ ತೆಗೆದು ಹಾಕಿದ್ದಾರೆ. ನನ್ನ ಫೋನು ‘ಫೋಟೋ’ ಎಂದು ಸುಮ್ಮನಾಯಿತು. ನೀನೇ ಬರೆಸಿದ ನಿಯಮದಂತೆ ಅದು ಸಂಘಕ್ಕೆ ತಲುಪಿಯೇ ಇಲ್ಲ. ಮೇಷ್ಟ್ರಿಗೆ ತಿಳಿಸಿದೆ, ಒಪ್ಪಿದರು. ಮುಂದಿನ ಸಭೆಯ ನೋಟೀಸನ್ನು ಕಾರ್ಯದರ್ಶಿಗಳು ಇನ್ನೂ ಕಳಿಸಿಲ್ಲ. ಬೇಗ ಕಳಿಸು, ನಾನು ಬಸ್ಸಿನ ಸಮಯ ನೋಡಿಕೊಳ್ಳಬೇಕು.