ಮೂರನೆಯ ತಿಂಗಳಲ್ಲಿ ನಿಂತ ಹಾಲು

ಸೂರತ್
೨೧ ನವೆಂಬರ್ ೧೯೬೬

ತಾರಾಳ ತಂದೆಯವರಿಗೆ ರಮಾಮಣಿಯ ನಮಸ್ಕಾರಗಳು.

ಇಲ್ಲಿ ಮಗಳು ಕ್ಷೇಮ. ನನ್ನ ಕ್ಷೇಮವನ್ನು ನಿಮ್ಮ ಕಾಗದ ಕೇಳಿರಲಿಲ್ಲ, ಆದ್ದರಿಂದ ಬರೆಯುವುದಿಲ್ಲ. ಏಳನೆಯ ತಿಂಗಳು ತುಂಬುವುದರೊಳಗೆ ಬರೋಡಕ್ಕೆ ಬಾ, ಸೀಮಂತ, ಹೆರಿಗೆ ಎರಡೂ ಇಲ್ಲೇ ಆಗಲಿ ಎಂದಿದ್ದೀರಿ. ಅದನ್ನೋದಿ ಅಣ್ಣ ಮಾಧವ, ನೋಡು, ಹಯವದನರಾಯರಿಗೆ ಬುದ್ಧಿ ಬಂತು ಎಂದು ಹಿಗ್ಗಿದ. ಹಾಳೆ ತಿರುಗಿಸಿ ಓದು ಎಂದೆ. ನಿಮ್ಮ ಅಸಲು ವಿಷಯ ಹಿಂಬದಿಯಲ್ಲಿತ್ತು. ಈ ಸಲ ಕೂಸಿಗೆ ಮೊದಲ ದಿನದಿಂದಲೇ ಡಬ್ಬಿ ಹಾಲು ಕೊಡಬೇಕು, ನಿನ್ನ ಹಾಲು ಒಂದು ತೊಟ್ಟೂ ಬೇಡ, ಆಗ ತಾರಾಳೊಂದಿಗೆ ಹೋಲಿಕೆ ಪೂರ್ತಿಯಾಗುತ್ತದೆ ಎಂದು. ಅಣ್ಣ ವಿಮಾ ಕಚೇರಿಯವನು, ಎಷ್ಟೋ ಮನೆಗಳ ಸಾವುನೋವು ಕಂಡವನು. ಅಂಥವನೇ ಪೂರ್ತಿ ಓದಲಾರದೆ ಕಾಗದ ಮಡಿಸಿ ಕೊಟ್ಟು ಎದ್ದುಹೋದ.

ಮದುವೆಯ ಹೊಸದರಲ್ಲಿ, ಬರೋಡದ ಫತೇಗಂಜಿನ ಆ ಎರಡು ಕೋಣೆಯ ಮನೆಯಲ್ಲಿ, ನಿಮ್ಮ ಲ್ಯಾಬಿನ ಕೆಲಸದ ಮಾತನ್ನು ಬಾಯಿಬಿಟ್ಟುಕೊಂಡು ಕೇಳುತ್ತಿದ್ದೆ. ಮನುಷ್ಯನ ಕರುಳಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಸಂಸಾರ ಹೂಡಿರುತ್ತವೆ, ಎಲ್ಲವೂ ರೋಗ ತರುವುದಿಲ್ಲ, ಎದೆಹಾಲು ಕುಡಿಯುವ ಕೂಸಿನಲ್ಲಿ ಒಳ್ಳೆಯ ಜಾತಿಯವೇ ತುಂಬಿಕೊಂಡು ಕೆಟ್ಟವನ್ನು ತಲೆಯೆತ್ತಗೊಡುವುದಿಲ್ಲ ಎಂದಿದ್ದಿರಿ. ತಾರಾ ಹುಟ್ಟಿದ ಮೇಲೆ ಅವಳ ಕಕ್ಕವನ್ನು ಪುಟ್ಟ ಸೀಸೆಗೆ ತುಂಬಿ ಸೈಕಲ್ ಮೇಲೆ ಲ್ಯಾಬಿಗೆ ಒಯ್ಯುತ್ತಿದ್ದಿರಿ. ಪಕ್ಕದ ಮನೆಯ ಶಾಂತಾಬೆನ್, ಮಗುವಿನ ಮೇಲೆ ಇಷ್ಟು ಅಕ್ಕರೆಯ ಅಪ್ಪ ಎಲ್ಲಿ ಸಿಗುತ್ತಾನೆ ತಂಗಿ ಎನ್ನುತ್ತಿದ್ದಳು. ನಾನೂ ಬೀಗುತ್ತಿದ್ದೆ. ಪೆದ್ದಿ!

ಮೂರನೆಯ ತಿಂಗಳಲ್ಲಿ ನನ್ನ ಹಾಲನ್ನೂ ಪರೀಕ್ಷೆಗೆ ಒಯ್ದಿರಿ. ಸಂಜೆ ಮುಖ ಸಣ್ಣದು ಮಾಡಿಕೊಂಡು ಬಂದು, ನಿನ್ನ ಹಾಲಿನಲ್ಲಿ ದೋಷವಿದೆ, ಇನ್ನು ಕೊಡಬೇಡ ಎಂದಿರಿ. ನನ್ನ ಮುಡಿಗೆಂದು ಒಂದು ಮೊಳ ಹೂ ತಂದವರಲ್ಲ ನೀವು. ಅಂದು ಪೇಟೆಯಿಂದ ಪೊಟ್ಟಣದ ತುಂಬ ಮಲ್ಲಿಗೆ ತಂದಿರಿ, ಎದೆಗೆ ಕಟ್ಟಿಕೊಂಡರೆ ಹಾಲು ಬತ್ತುತ್ತದೆಂದು. ಅತ್ತೆಯವರು ಒಮ್ಮೆ ನಿಮ್ಮ ಮುಖ, ಒಮ್ಮೆ ನನ್ನ ಮುಖ ನೋಡಿ ಒಳಗೆ ಹೋದರು. ಈಗಲೂ ಮಲ್ಲಿಗೆಯ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುತ್ತೇನೆ. ನನ್ನ ಮೈಯಲ್ಲೇ ವಿಷವಿದೆ ಎಂದು ನಂಬಿ ಬದುಕಿದೆನಲ್ಲ! ಮಗು ಕೆಮ್ಮಿದರೂ ನನ್ನದೇ ಪಾಪವೆಂದು ದೇವರ ಮುಂದೆ ಅತ್ತಿದ್ದೇನೆ. ನೀವು ಅದನ್ನು ನೋಡಿಯೂ ಇದ್ದೀರಿ.

ಎರಡು ತಿಂಗಳ ಹಿಂದೆ, ಸೆಪ್ಟೆಂಬರಿನಲ್ಲಿ, ಅಹಮದಾಬಾದಿನ ಸಭೆಗೆ ನನ್ನನ್ನೂ ಕರೆದೊಯ್ದಿರಿ. ಹೊಸ ಸೀರೆಯುಟ್ಟು ಹೆಂಗಸರ ಸಾಲಿನಲ್ಲಿ ಕೂತಿದ್ದೆ. ಇವಳಿಗೆ ಇಂಗ್ಲಿಷ್ ಎಲ್ಲಿ ತಿಳಿಯುತ್ತದೆ ಎಂಬ ಧೈರ್ಯ ನಿಮಗೆ. ಹೈಸ್ಕೂಲಿನಲ್ಲಿ ಕಲಿತದ್ದು ಅಷ್ಟಕ್ಕೆ ಸಾಕಾಯಿತು. ತಾಯಿ ಆರೋಗ್ಯವಂತೆ, ಹಾಲು ಧಾರಾಳ, ಸಂಶೋಧನೆಗಾಗಿ ಮೂರನೆಯ ತಿಂಗಳಲ್ಲಿ ನಿಲ್ಲಿಸಲಾಯಿತು ಎಂದಿರಿ. ನಿಲ್ಲಿಸಲಾಯಿತಂತೆ! ನಾನೇನು ನಲ್ಲಿಯೆ?

ಆಮೇಲೆ ಪರದೆಯ ಮೇಲೆ ಚಿತ್ರ ತೋರಿಸಿದಿರಿ. ಒಮ್ಮೆ ನೆಲೆಯೂರಿದ ಒಳ್ಳೆಯ ಜೀವಿಗಳು ಡಬ್ಬಿ ಹಾಲಿಗೆ ಬದಲಿಸಿದರೂ ಕರುಳು ಬಿಟ್ಟು ಹೋಗುವುದಿಲ್ಲ, ಈ ಮಗು ಭೇದಿಯಿಂದ ಒಮ್ಮೆಯೂ ನರಳಲಿಲ್ಲ, ಆದ್ದರಿಂದ ಮೂರು ತಿಂಗಳ ಮೇಲೆ ತಾಯಂದಿರು ಅಂಜದೆ ಡಬ್ಬಿ ಹಾಲು ಕೊಡಬಹುದು ಎಂದಿರಿ. ಬೇರೆ ಮನೆಯ ತಾಯಂದಿರು ಹೇಳುವುದನ್ನು ನಂಬುವಂತಿಲ್ಲ, ಇದು ನನ್ನ ಕಣ್ಣೆದುರೇ ಬೆಳೆದ ಮಗು ಎಂದು ಹೆಮ್ಮೆಪಟ್ಟಿರಿ. ಎಷ್ಟು ಚಪ್ಪಾಳೆ! ಊರಿಗೆ ಉಪಕಾರಿ, ಮನೆಗೆ ಮಾರಿ. ಬರೋಡಕ್ಕೆ ಹಿಂತಿರುಗಿದ ಮರುದಿನವೇ ಮಗುವನ್ನೆತ್ತಿಕೊಂಡು ಇಲ್ಲಿಗೆ ಬಂದೆ.

ವಿಜ್ಞಾನಕ್ಕಾಗಿ ಹೇಳಿದ ಒಂದು ಸಣ್ಣ ಸುಳ್ಳನ್ನು ಇಷ್ಟು ಬೆಳೆಸಬೇಡ ಎಂದು ಬರೆದಿದ್ದೀರಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾನು ಬರುವುದಿಲ್ಲ. ಹೊಟ್ಟೆಯಲ್ಲಿರುವ ಕೂಸು ಈ ಮನೆಯಲ್ಲೇ ಹುಟ್ಟುತ್ತದೆ, ನನ್ನ ಹಾಲು ಕುಡಿದೇ ಬೆಳೆಯುತ್ತದೆ. ಅಪ್ಪನಾಗಿ ಮಕ್ಕಳ ಮುಖ ನೋಡಬೇಕೆನಿಸಿದರೆ ಬನ್ನಿ, ಬೇಡವೆನ್ನುವುದಿಲ್ಲ. ಸೀಸೆ ಹಿಡಿದುಕೊಂಡು ಬಂದರೆ ಅಣ್ಣ ಬಾಗಿಲು ತೆರೆಯಹೋದರೂ ನಾನು ತೆರೆಯಗೊಡುವುದಿಲ್ಲ.

ಇನ್ನು ನಿಮ್ಮ ಪರೀಕ್ಷೆಗೆ ಸಿಗದ,
ರಮಾಮಣಿ

ತಾ.ಕ.: ಇದನ್ನು ಬರೆಯಲು ಧೈರ್ಯ ಸಾಲದೆ ಮೊದಲೇ ಸಹಿ ಹಾಕಿಬಿಟ್ಟೆ. ನಿಮ್ಮ ಲೇಖನ ವಿಲಾಯಿತಿಯ ಪತ್ರಿಕೆಯಲ್ಲಿ ಅಚ್ಚಾಗಲಿದೆ ಎಂದಿದ್ದೀರಲ್ಲ, ತಡೆಯಿರಿ. ತಾರಾ ಡಬ್ಬಿ ಹಾಲಿನಲ್ಲಿ ಬೆಳೆದವಳಲ್ಲ. ಕೂಸಿಗೆ ಎಣ್ಣೆನೀರು ಹಾಕಿ ಸಾಂಬ್ರಾಣಿ ಹೊಗೆ ಕೊಡುವಾಗ ಗಂಡಸರು ಆ ಕಡೆ ಸುಳಿಯಬಾರದೆಂಬುದು ನಿಮ್ಮ ಮನೆಯ ಪದ್ಧತಿ. ನೀವೂ ಅದನ್ನು ಮೀರಲಿಲ್ಲ. ಅತ್ತೆಯವರು ಅಗುಳಿ ಹಾಕಿ, ಎದೆಗೆ ಕಟ್ಟಿದ್ದ ಮಲ್ಲಿಗೆ ಬಿಚ್ಚಿಸಿ, ಹೆತ್ತವಳ ಹಾಲು ವಿಷವಾಗುವುದುಂಟೇನೇ ಹುಚ್ಚಿ, ಕೊಡು ಎಂದು ಮಗುವನ್ನು ನನ್ನ ಮಡಿಲಿಗೆ ಹಾಕುತ್ತಿದ್ದರು. ಅಂಜುತ್ತಲೇ ಕೊಟ್ಟೆ. ನೀವು ಲ್ಯಾಬಿನಲ್ಲಿದ್ದಾಗಂತೂ ಹಗಲೆಲ್ಲ ಕೊಟ್ಟೆ. ಸಂಜೆ ನಿಮ್ಮೆದುರು ಹಿಡಿದ ಬಾಟಲಿಯಿಂದ ಅವಳು ಎರಡು ಗುಟುಕು ಕುಡಿದರೆ ಹೆಚ್ಚು. ನಿಮ್ಮ ಮಾತು ನಂಬಿ ಡಬ್ಬಿ ಒಡೆಯುವ ತಾಯಂದಿರ ಮನೆಯಲ್ಲಿ ಅಗುಳಿ ಹಾಕುವ ಅಜ್ಜಿ ಇರುವುದಿಲ್ಲ. ನಂಬಿಕೆ ಬಾರದಿದ್ದರೆ ನಿಮ್ಮ ತಾಯಿಯನ್ನೇ ಕೇಳಿ, ಪಕ್ಕದ ಕೋಣೆಯಲ್ಲೇ ಇದ್ದಾರೆ. ಅವನು ಕೇಳಿದ ದಿನ ಹೇಳಿಬಿಡುತ್ತೇನೆ ಎಂದು ಅವರು ಮೊದಲಿನಿಂದಲೂ ಕಾದಿದ್ದರು. ನೀವು ನಮ್ಮಿಬ್ಬರಲ್ಲಿ ಯಾರನ್ನೂ ಕೇಳಲಿಲ್ಲ.