ಬಟ್ಟೆ ಹಗ್ಗದ ಮೇಲೆ ಕಾರಿನ ಪಟ್ಟಿ

ಅತ್ತಿಗೆ,

ನನಗೆ ತಾಳ್ಮೆ ಇರಲಿಲ್ಲ. ಸ್ಕ್ರೂಡ್ರೈವರಿನಿಂದ ಮೀಟಿದ್ದರೆ ಅಪ್ಪನ ಹಳೇ ಸ್ಪೋರ್ಟ್ಸ್ ಕಾರಿನ ಬಾಗಿಲ ಪಟ್ಟಿಗಳು ಸೊಟ್ಟಗಾಗುತ್ತಿದ್ದವು, ಅಂಥವು ಈಗ ಎಲ್ಲೂ ಸಿಗುವುದಿಲ್ಲ. ನೀವು "ತಡಿಯೋ ಕೋಣ" ಅಂತ ಬೈದು, ಹೇರ್ ಡ್ರೈಯರಿನಿಂದ ಅಂಟು ಬಿಸಿಮಾಡಿ, ಹಿಂದಿನಿಂದ ದಾರ ಎಳೆದು ಬಿಡಿಸಿಕೊಟ್ಟಿರಿ. ಉಪಕಾರ ಮರೆಯುವುದಿಲ್ಲ.

ತುಕ್ಕು ಉಜ್ಜಿ, ಕಪ್ಪು ಬಣ್ಣ ಹೊಡೆದು, ಬಟ್ಟೆ ಹಗ್ಗಕ್ಕೆ ನೇತುಹಾಕಿದ್ದೇನೆ. ಕೆಳಗೆ ಗುಡಿಸಬೇಡಿ, ಹಸಿ ಬಣ್ಣಕ್ಕೆ ಧೂಳು ಹಿಡಿಯುತ್ತದೆ. ಒಣಗಿದೆಯಾ ಅಂತ ಅಣ್ಣ ಬೆರಳು ಒತ್ತಲು ಬಂದರೆ ಸೌಟಿನಲ್ಲೇ ಕೊಡಿ. ಸಂಜೆ ಬಂದು ನಾನೇ ಕೂರಿಸುತ್ತೇನೆ.

ನಾಳೆ ಅಪ್ಪನ ಕಣ್ಣಿನ ಬ್ಯಾಂಡೇಜ್ ಬಿಚ್ಚುತ್ತಾರೆ. ನಮ್ಮ ಮುಖಕ್ಕಿಂತ ಮೊದಲು ಅವರು ಹುಡುಕುವುದು ಆ ಕಾರನ್ನೇ.

ಪಟ್ಟಿ ಬಿಡಿಸುವಾಗ ಮುರಿದ ಎರಡು ಕ್ಲಿಪ್ಪು, ನಿಮ್ಮ ಹೆಬ್ಬೆರಳಿನ ಉಗುರು. ಹೋದದ್ದು ಇಷ್ಟೇ.