ವಾಘ್ಯಾನಿಗೆ ಕನ್ನಡ ಬರುವುದಿಲ್ಲ

ನಾಸಿಕ್, ಸೋಮವಾರ

ಅತ್ತೆಯವರಿಗೆ ಜಲಜಾಕ್ಷಿಯ ನಮಸ್ಕಾರ.

ನಿಮ್ಮ ಮಗನ ಬಲಗೈಗೆ ಮೂವತ್ತೊಂದು ಹೊಲಿಗೆ ಬಿದ್ದಿದೆ. ಎರಡು ಬೆರಳು ಇನ್ನು ಮಡಚಲು ಬರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದರು. ಹುಚ್ಚುನಾಯಿಯ ಹೆದರಿಕೆ ಬೇಡ. ಚುಚ್ಚುಮದ್ದಿನ ಚೀಟಿ ನೋಡದೆ ನಮ್ಮ ಹೋಮ್‌ಸ್ಟೇಯೊಳಗೆ ಯಾವ ನಾಯಿಯನ್ನೂ ನಾನು ಬಿಡುವುದಿಲ್ಲ.

"ಅವನಿಗೆ ಕಚ್ಚುವಾಗ ನೀನು ಎಲ್ಲಿ ಸತ್ತಿದ್ದಿ?" ಎಂದು ಫೋನಿನಲ್ಲಿ ಕೇಳಿದಿರಿ. ನಾನು ಅಲ್ಲೇ, ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದೆ. ಅತಿಥಿಗಳ ನೀರುದೋಸೆ ಸೀದುಹೋಯಿತೆಂದು ನಿಮ್ಮ ಮಗ ಕಾದ ಕಾವಲಿಯನ್ನೇ ಎತ್ತಿ ನನ್ನ ಭುಜಕ್ಕೆ ಹೊಡೆದಿದ್ದರು. ಎರಡನೇ ಸಲ ಎತ್ತಿದಾಗ, ಯೇವಲಾ ಊರಿನ ಅತಿಥಿಗಳು ಒಂದು ವಾರಕ್ಕೆಂದು ನಮ್ಮಲ್ಲಿ ಬಿಟ್ಟುಹೋದ ನಾಯಿ ವಾಘ್ಯಾ ಹಾರಿ ಆ ಕೈಯನ್ನು ಕಚ್ಚಿ ಹಿಡಿಯಿತು.

ಅವರು "ಬಿಡು, ಬಿಡು" ಎಂದು ಕಿರುಚಿದರು. ಮರಾಠಿ ಮನೆಯ ನಾಯಿಗೆ "ಬಿಡು" ಎಂದರೆ ಏನು ಗೊತ್ತು? ಅದಕ್ಕೆ "ಸೋಡ್" ಎನ್ನಬೇಕು. ಅದರ ಯಜಮಾನರು ಹೋಗುವಾಗ ಆ ಮಾತನ್ನು ನನಗೊಬ್ಬಳಿಗೇ ಹೇಳಿಕೊಟ್ಟಿದ್ದರು.

ಶುಕ್ರವಾರ ಆಸ್ಪತ್ರೆಯಿಂದ ಬಿಡುತ್ತಾರೆ. ನೀವು ಬಂದು ಅವರನ್ನು ಕುಂದಾಪುರಕ್ಕೇ ಕರೆದುಕೊಂಡು ಹೋಗಿ. ಬಟ್ಟೆಯ ಪೆಟ್ಟಿಗೆ ಗೇಟಿನ ಹತ್ತಿರ ಇಟ್ಟಿರುತ್ತೇನೆ. ಹಿನ್ನೀರಿನ ಬದಿಯ ಕೋಣೆಗಳೆಲ್ಲ ತುಂಬಿವೆ, ನಾನು ನಡೆಸಿಕೊಂಡು ಹೋಗುತ್ತೇನೆ. ಒಳಗೆ ಬರುವಾಗ ಜೋರಾಗಿ ಮಾತಾಡಬೇಡಿ, ವಾಘ್ಯಾ ಇನ್ನೂ ಇಲ್ಲೇ ಇದೆ.

ಹೋದ ವರ್ಷ ನನ್ನ ಮಣಿಕಟ್ಟು ಮುರಿದಾಗ "ಹೆಂಗಸರು ಸ್ವಲ್ಪ ತಡ್ಕೊಳ್ಬೇಕು" ಎಂದಿದ್ದಿರಿ. ಆ ಮಾತು ನೆನಪಿತ್ತು, ಅತ್ತೆ. ಸ್ವಲ್ಪ ತಡೆದುಕೊಂಡೆ. ಎದ್ದು ಗ್ಯಾಸ್ ಆರಿಸಿದೆ, ಸುಟ್ಟ ಭುಜಕ್ಕೆ ನೀರು ಹಾಕಿಕೊಂಡೆ. ಆಮೇಲೆ "ಸೋಡ್" ಎಂದೆ.

ನಿಮ್ಮ ಸೊಸೆ,
ಜಲಜಾಕ್ಷಿ